ಡಾ. ಎಚ್. ಟ್ರೆಂಡ್ಲಿ ಡೀನ್ (1893–1962): ಕುಡಿಯುವ ನೀರು ಮತ್ತು ದಂತಾರೋಗ್ಯ

ಪೀಠಿಕೆ

ದಂತಕ್ಷಯ ಅಥವಾ ಹಲ್ಲಿನ ಹುಳುಕು ಪ್ರಪಂಚದಾದ್ಯಂತ ಅತ್ಯಂತ ವ್ಯಾಪಕವಾಗಿ ಕಂಡುಬರುವ ಕಾಯಿಲೆಗಳಲ್ಲಿ ಒಂದಾಗಿರುತ್ತದೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ಮತ್ತು ಪಿಷ್ಟ ಪದಾರ್ಥಗಳಿಂದ ಆಮ್ಲವನ್ನು ಉತ್ಪಾದಿಸುತ್ತವೆಯೆಂದೂ, ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲ್ಲಿನ ಖನಿಜಾಂಶವನ್ನು ಕರಗಿಸುತ್ತದೆಯೆಂದೂ ಅಮೆರಿಕದ ದಂತವಿಜ್ಞಾನಿ ವಿಲ್ಲೋಬಿ ಮಿಲ್ಲರ್ ಅವರು ಬರ್ಲಿನ್ ನಗರದಲ್ಲಿ ಸಂಶೋಧನೆ ನಡೆಸಿ 1890ರಲ್ಲಿ ಪ್ರತಿಪಾದಿಸಿದರು. ಕಾರಣ ತಿಳಿದ ಮೇಲೂ ಹಲವು ದಶಕಗಳ ಕಾಲ ದಂತವೈದ್ಯರ ಕಾರ್ಯವು ಬಹುಮಟ್ಟಿಗೆ ಹುಳುಕಾದ ಹಲ್ಲನ್ನು ತುಂಬುವುದಕ್ಕೆ ಇಲ್ಲವೇ ಕೀಳುವುದಕ್ಕೆ ಸೀಮಿತವಾಗಿತ್ತು. ಇಡೀ ಊರಿನ ಮಕ್ಕಳಲ್ಲಿ ಹುಳುಕನ್ನು ಮೊದಲೇ ತಡೆಯಲು ಸಾಧ್ಯವೆಂಬುದನ್ನು ಅಂಕಿ ಅಂಶಗಳ ಮೂಲಕ ತೋರಿಸಿಕೊಟ್ಟವರಲ್ಲಿ ಡಾ. ಹೆನ್ರಿ ಟ್ರೆಂಡ್ಲಿ ಡೀನ್ ಅವರು ಅಗ್ರಗಣ್ಯರು. ನೀರಿನಲ್ಲಿರುವ ಫ್ಲೋರೈಡ್ ಅಂಶವು ಎಷ್ಟಿದ್ದರೆ ಹಿತ, ಎಷ್ಟಾದರೆ ಅಹಿತ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವು ನಮ್ಮ ರಾಜ್ಯದ ಕೊಳವೆಬಾವಿ ನೀರನ್ನು ಅವಲಂಬಿಸಿರುವ ಜನರಿಗೂ ಸಂಬಂಧಿಸಿದುದಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವೆ

ಡೀನ್ ಅವರು ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದಲ್ಲಿ 1893ರ ಆಗಸ್ಟ್ 25ರಂದು ಜನಿಸಿದರು. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಶಿಕ್ಷಣ ಪಡೆದು 1916ರಲ್ಲಿ ಪದವೀಧರರಾದರು. ಕೆಲಕಾಲ ಖಾಸಗಿಯಾಗಿ ವೃತ್ತಿ ನಿರ್ವಹಿಸಿ, ಮೊದಲ ಮಹಾಯುದ್ಧದ ಸಮಯದಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿದರು. 1921ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿದರು. 1931ರಲ್ಲಿ ಅವರನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ನಿಯೋಜಿಸಿ, ಹಲ್ಲಿನ ಕಲೆಗಳ ಕುರಿತು ಸಂಶೋಧನೆ ನಡೆಸುವ ಹೊಣೆಯನ್ನು ವಹಿಸಲಾಯಿತು. ಆ ಸಂಸ್ಥೆಯಲ್ಲಿ ದಂತ ಸಂಶೋಧನೆಗೆಂದು ನೇಮಕಗೊಂಡ ಮೊದಲಿಗರು ಅವರೇ ಆಗಿದ್ದರು.

ಕಂದು ಕಲೆಯ ರಹಸ್ಯ

ಈ ಸಂಶೋಧನೆಗೆ ಮೂವತ್ತು ವರ್ಷಗಳ ಹಿನ್ನೆಲೆಯಿದೆ. 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿ ಆರಂಭಿಸಿದ ಡಾ. ಫ್ರೆಡರಿಕ್ ಮೆಕ್ಕೇ ಎಂಬ ಯುವ ದಂತವೈದ್ಯರು, ಅಲ್ಲಿಯೇ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿರುವುದನ್ನು ಗಮನಿಸಿದರು. ಉಜ್ಜಿದರೂ ತೊಳೆದರೂ ಹೋಗದ ಈ ಕಲೆಗಳ ಬಗ್ಗೆ ಅಂದಿನ ಗ್ರಂಥಗಳಲ್ಲಿ ವಿವರಣೆ ದೊರೆಯಲಿಲ್ಲ. ಖ್ಯಾತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರು 1909ರಲ್ಲಿ ಅಲ್ಲಿಗೆ ಬಂದು, 1915ರಲ್ಲಿ ನಿಧನರಾಗುವವರೆಗೂ ಮೆಕ್ಕೇ ಅವರೊಡನೆ ಅಧ್ಯಯನ ನಡೆಸಿದರು. ಹಲ್ಲುಗಳು ರೂಪುಗೊಳ್ಳುವ ಬಾಲ್ಯದಲ್ಲಿ ಮಾತ್ರ ಈ ಕಲೆಗಳು ಉಂಟಾಗುತ್ತವೆಯೆಂಬುದು ಸ್ಪಷ್ಟವಾಯಿತು. ಜೊತೆಗೆ, ಕಲೆಯಿರುವ ಹಲ್ಲುಗಳು ಅಷ್ಟು ಸುಲಭವಾಗಿ ಹುಳುಕಾಗುವುದಿಲ್ಲವೆಂಬ ಅನಿರೀಕ್ಷಿತ ಸಂಗತಿಯೂ ಕಂಡುಬಂದಿತು.

ಐಡಾಹೋ ರಾಜ್ಯದ ಓಕ್ಲೆ ಎಂಬ ಊರಿನಲ್ಲಿ, ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳವೆ ಮೂಲಕ ನೀರು ತಂದ ನಂತರ ಮಕ್ಕಳ ಹಲ್ಲಿನಲ್ಲಿ ಕಲೆಗಳು ಕಾಣಿಸಿಕೊಂಡಿದ್ದವು. 1923ರಲ್ಲಿ ಅಲ್ಲಿಗೆ ಭೇಟಿ ನೀಡಿದ ಮೆಕ್ಕೇ ಅವರು ಆ ನೀರನ್ನು ಕೈಬಿಡುವಂತೆ ಸಲಹೆ ನೀಡಿದರು. ಊರಿನವರು ಬೇರೆ ಬುಗ್ಗೆಯ ನೀರನ್ನು ಬಳಸತೊಡಗಿದ ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಶಾಶ್ವತ ಹಲ್ಲುಗಳು ಮೂಡಿದವು. ದೋಷವು ನೀರಿನಲ್ಲಿದೆಯೆಂಬುದು ಖಚಿತವಾದರೂ ಅದು ಯಾವ ಅಂಶವೆಂಬುದು ತಿಳಿಯಲಿಲ್ಲ. ಅರ್ಕಾನ್ಸಾಸ್ ರಾಜ್ಯದ ಬಾಕ್ಸೈಟ್ ಎಂಬ ಗಣಿ ಪಟ್ಟಣದ ನೀರನ್ನು ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನ ತಜ್ಞರಾದ ಎಚ್. ವಿ. ಚರ್ಚಿಲ್ ಅವರು 1931ರಲ್ಲಿ ಪರೀಕ್ಷೆಗೆ ಒಳಪಡಿಸಿದಾಗ, ಅದರಲ್ಲಿ ಫ್ಲೋರೈಡ್ ಅಂಶವು ಅಧಿಕ ಪ್ರಮಾಣದಲ್ಲಿರುವುದು ಪತ್ತೆಯಾಯಿತು. ಅದೇ ವರ್ಷ ಅರಿಝೋನಾ ರಾಜ್ಯದ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ನಡೆಸಿ ಇದೇ ತೀರ್ಮಾನಕ್ಕೆ ಬಂದರು.

ಪ್ರಮಾಣದ ಅನ್ವೇಷಣೆ

ಡೀನ್ ಅವರ ಕಾರ್ಯವು ಇಲ್ಲಿಂದ ಪ್ರಾರಂಭವಾಯಿತು. ಕಲೆಯಿರುವ ಹಲ್ಲುಗಳು ಯಾವ ಯಾವ ಊರುಗಳಲ್ಲಿ ಕಂಡುಬರುತ್ತವೆಯೆಂದು ಅವರು ದೇಶದ ದಂತವೈದ್ಯ ಸಂಘಗಳಿಂದ ಪತ್ರಮುಖೇನ ಮಾಹಿತಿ ಸಂಗ್ರಹಿಸಿದರು. ನಂತರ ಊರೂರಿಗೆ ತೆರಳಿ, ಹುಟ್ಟಿನಿಂದ ಒಂದೇ ಮೂಲದ ನೀರನ್ನು ಕುಡಿದ ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದರು. ನೀರಿನಲ್ಲಿರುವ ಫ್ಲೋರೈಡನ್ನು ದಶಲಕ್ಷಕ್ಕೆ 0.1 ಭಾಗದಷ್ಟು ನಿಖರವಾಗಿ ಅಳೆಯುವ ವಿಧಾನವನ್ನು ಅವರ ಸಹೋದ್ಯೋಗಿ ರಸಾಯನ ತಜ್ಞ ಎಲಿಯಾಸ್ ಎಲ್ವೋವ್ ಅವರು ರೂಪಿಸಿಕೊಟ್ಟರು.

ಕಲೆಗಳ ತೀವ್ರತೆಯನ್ನು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ದಾಖಲಿಸಲು ಡೀನ್ ಅವರು 1934ರಲ್ಲಿ ಸೂಚ್ಯಂಕವೊಂದನ್ನು ರಚಿಸಿ, 1942ರಲ್ಲಿ ಪರಿಷ್ಕರಿಸಿದರು. ಸಹಜ, ಸಂದೇಹಾಸ್ಪದ, ಅತ್ಯಲ್ಪ, ಅಲ್ಪ, ಮಧ್ಯಮ ಮತ್ತು ತೀವ್ರ ಎಂಬ ಆರು ವರ್ಗಗಳುಳ್ಳ ಈ ಸೂಚ್ಯಂಕವು ಡೀನ್ ಸೂಚ್ಯಂಕವೆಂಬ ಹೆಸರಿನಿಂದ ಇಂದಿಗೂ ಫ್ಲೋರೋಸಿಸ್ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಲೀಟರ್ ನೀರಿಗೆ 1 ಮಿಲಿಗ್ರಾಂ, ಅಂದರೆ ದಶಲಕ್ಷಕ್ಕೆ 1 ಭಾಗದವರೆಗೆ ಫ್ಲೋರೈಡ್ ಇದ್ದಲ್ಲಿ ಬಹುತೇಕ ಮಕ್ಕಳ ಹಲ್ಲುಗಳಿಗೆ ಎದ್ದುಕಾಣುವ ಕಲೆಯುಂಟಾಗುವುದಿಲ್ಲವೆಂದು 1930ರ ದಶಕದ ಕೊನೆಯ ವೇಳೆಗೆ ಅವರು ಕಂಡುಕೊಂಡರು.

ಕಲೆಯಿರುವ ಹಲ್ಲು ಹುಳುಕನ್ನು ತಾಳಿಕೊಳ್ಳುತ್ತದೆಯೆಂಬ ಮೆಕ್ಕೇ ಅವರ ಹಳೆಯ ಅವಲೋಕನವು ಆಗ ಹೊಸ ಪ್ರಶ್ನೆಯನ್ನು ಮುಂದಿಟ್ಟಿತು. ಕಲೆಯುಂಟುಮಾಡದಷ್ಟು ಕಡಿಮೆ ಫ್ಲೋರೈಡ್ ಸಹ ಹುಳುಕನ್ನು ತಡೆಯಬಲ್ಲುದೇ ಎಂಬುದೇ ಆ ಪ್ರಶ್ನೆ. ಇಲಿನಾಯ್ ರಾಜ್ಯದ ನಾಲ್ಕು ಪಟ್ಟಣಗಳನ್ನು ಹೋಲಿಸಿದಾಗ, ಫ್ಲೋರೈಡ್ ತೀರ ಕಡಿಮೆಯಿದ್ದ ಮಕೋಂಬ್ ಮತ್ತು ಕ್ವಿನ್ಸಿ ಪಟ್ಟಣಗಳ ಮಕ್ಕಳಲ್ಲಿ ಹುಳುಕು, ಗೇಲ್ಸ್‌ಬರ್ಗ್ ಮತ್ತು ಮನ್ಮತ್ ಪಟ್ಟಣಗಳ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿತ್ತು. ತರುವಾಯ ನಾಲ್ಕು ರಾಜ್ಯಗಳ 21 ನಗರಗಳಲ್ಲಿ 12ರಿಂದ 14 ವರ್ಷ ವಯಸ್ಸಿನ 7,257 ಮಕ್ಕಳನ್ನು ಪರೀಕ್ಷಿಸಲಾಯಿತು. ಹುಳುಕಾದ, ಹುಳುಕಿನಿಂದ ಕಳೆದುಹೋದ ಮತ್ತು ತುಂಬಿಸಿದ ಹಲ್ಲುಗಳನ್ನು ಒಟ್ಟುಗೂಡಿಸಿ ಎಣಿಸಲಾಯಿತು. ದಶಲಕ್ಷಕ್ಕೆ ಸುಮಾರು 1 ಭಾಗ ಫ್ಲೋರೈಡ್ ಇರುವಲ್ಲಿ ಹುಳುಕು ಗಣನೀಯವಾಗಿ ಇಳಿಯುತ್ತದೆ, ಅದಕ್ಕಿಂತ ಹೆಚ್ಚಿಸಿದರೆ ಲಾಭವು ಸ್ವಲ್ಪವೇ, ಆದರೆ ಕಲೆಗಳು ಹೆಚ್ಚುತ್ತವೆ ಎಂಬುದು 1942ರಲ್ಲಿ ಪೂರ್ಣಗೊಂಡ ಈ ಅಧ್ಯಯನದ ಸಾರವಾಗಿತ್ತು.

ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ಪ್ರಯೋಗ

ಮಿಚಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರವು 1945ರ ಜನವರಿ 25ರಂದು ತನ್ನ ಕುಡಿಯುವ ನೀರಿಗೆ ದಶಲಕ್ಷಕ್ಕೆ 1 ಭಾಗದಂತೆ ಫ್ಲೋರೈಡ್ ಸೇರಿಸಲು ಆರಂಭಿಸಿತು. ಈ ಕ್ರಮ ಕೈಗೊಂಡ ಪ್ರಪಂಚದ ಮೊದಲ ನಗರ ಅದಾಗಿತ್ತು. ಹೋಲಿಕೆಗಾಗಿ ಸಮೀಪದ ಮಸ್ಕೀಗನ್ ನಗರವನ್ನು ಆಯ್ಕೆ ಮಾಡಿ, ಅಲ್ಲಿನ ನೀರನ್ನು ಯಥಾಸ್ಥಿತಿಯಲ್ಲಿ ಉಳಿಸಲಾಯಿತು. 15 ವರ್ಷಗಳ ಅವಧಿಗೆ ಯೋಜಿಸಲಾದ ಈ ಅಧ್ಯಯನದಲ್ಲಿ ಸುಮಾರು 30,000 ಶಾಲಾ ಮಕ್ಕಳ ಹಲ್ಲುಗಳ ಮೇಲೆ ನಿಗಾ ಇರಿಸಲಾಯಿತು. ಕೆಲವೇ ವರ್ಷಗಳಲ್ಲಿ ಫಲಿತಾಂಶವು ಗೋಚರಿಸತೊಡಗಿದ್ದರಿಂದ ಮಸ್ಕೀಗನ್ ನಗರವೂ 1951ರಲ್ಲಿ ತನ್ನ ನೀರಿಗೆ ಫ್ಲೋರೈಡ್ ಸೇರಿಸಿಕೊಂಡಿತು. ಫ್ಲೋರೈಡ್ ಸೇರಿಸಿದ ನಂತರ ಹುಟ್ಟಿದ ಗ್ರ್ಯಾಂಡ್ ರ್‍ಯಾಪಿಡ್ಸ್ ಮಕ್ಕಳಲ್ಲಿ ಹುಳುಕು ಶೇಕಡ 60ಕ್ಕಿಂತ ಹೆಚ್ಚು ಇಳಿದಿರುವುದು 11 ವರ್ಷಗಳ ನಂತರ ದೃಢಪಟ್ಟಿತು.

1948ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿ ಡೀನ್ ಅವರು ನೇಮಕಗೊಂಡು, 1953ರಲ್ಲಿ ನಿವೃತ್ತರಾದರು. ಬಳಿಕ 1959ರವರೆಗೆ ಅಮೆರಿಕದ ದಂತವೈದ್ಯ ಸಂಘದಲ್ಲಿ ಸೇವೆ ಸಲ್ಲಿಸಿ, 1962ರಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಫ್ಲೋರೈಡ್ ಹಲ್ಲು ಮೂಡುವ ಮೊದಲೇ ದೇಹದೊಳಗಿನಿಂದ ಕೆಲಸ ಮಾಡುತ್ತದೆಯೆಂದು ಡೀನ್ ಅವರ ಕಾಲದಲ್ಲಿ ನಂಬಲಾಗಿತ್ತು. ಮೂಡಿದ ಹಲ್ಲಿನ ಮೇಲ್ಮೈಯಲ್ಲಿ ಖನಿಜಾಂಶವು ಮರಳಿ ಕೂಡಿಕೊಳ್ಳಲು ನೆರವಾಗುವುದೇ ಅದರ ಪ್ರಮುಖ ಕಾರ್ಯವೆಂದು ನಂತರದ ಸಂಶೋಧನೆಗಳು ತಿಳಿಸಿವೆ. ಫ್ಲೋರೈಡ್‌ಯುಕ್ತ ಟೂತ್‌ಪೇಸ್ಟ್ ವ್ಯಾಪಕವಾದ ಮೇಲೆ ನೀರಿಗೆ ಫ್ಲೋರೈಡ್ ಸೇರಿಸುವುದರಿಂದ ದೊರೆಯುವ ಹೆಚ್ಚುವರಿ ಲಾಭವು ಹಿಂದಿಗಿಂತ ಕಡಿಮೆಯಾಗಿದೆ. ಅಮೆರಿಕದ ಆರೋಗ್ಯ ಇಲಾಖೆಯು 2015ರಲ್ಲಿ ಶಿಫಾರಸು ಪ್ರಮಾಣವನ್ನು ಲೀಟರಿಗೆ 0.7 ಮಿಲಿಗ್ರಾಂಗೆ ನಿಗದಿಪಡಿಸಿತು. ಈ ಕ್ರಮದ ಬಗ್ಗೆ ಅಲ್ಲಿ ಭಿನ್ನಾಭಿಪ್ರಾಯಗಳೂ ಇದ್ದು, 2025ರಲ್ಲಿ ಯೂಟಾ ರಾಜ್ಯವು ನೀರಿಗೆ ಫ್ಲೋರೈಡ್ ಸೇರಿಸುವುದನ್ನು ನಿಷೇಧಿಸಿತು.

ನಾಗರಿಕರ ಗಮನಕ್ಕೆ

ಕರ್ನಾಟಕದ ಪರಿಸ್ಥಿತಿಯು ಇದಕ್ಕಿಂತ ಭಿನ್ನವಾಗಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಮುಂತಾದ ಜಿಲ್ಲೆಗಳ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಸ್ವಾಭಾವಿಕವಾಗಿಯೇ ಅಧಿಕವಾಗಿದೆ. ಇಲ್ಲಿ ಫ್ಲೋರೈಡ್ ಸೇರಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಅದನ್ನು ಮಿತಿಯೊಳಗೆ ತರುವುದೇ ಅಗತ್ಯವಾಗಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲ ಲಭ್ಯವಿಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಈ ಮಿತಿಯನ್ನು ಬಹುವಾಗಿ ಮೀರಿದ ನೀರನ್ನು ದೀರ್ಘಕಾಲ ಸೇವಿಸಿದಲ್ಲಿ ಹಲ್ಲುಗಳಷ್ಟೇ ಅಲ್ಲದೆ ಮೂಳೆ ಮತ್ತು ಕೀಲುಗಳಿಗೂ ಹಾನಿಯುಂಟಾಗುತ್ತದೆ. ಕೇಂದ್ರ ಸರ್ಕಾರವು 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಜಾರಿಗೊಳಿಸಿತು.

ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡುವುದು ಸೂಕ್ತ:

1. ನೀರಿನ ಬಣ್ಣ, ರುಚಿ ಅಥವಾ ವಾಸನೆಯಿಂದ ಫ್ಲೋರೈಡ್ ಪ್ರಮಾಣವು ತಿಳಿಯುವುದಿಲ್ಲ. ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸುವುದೊಂದೇ ಮಾರ್ಗ.

2. ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆಯು ಹೆಚ್ಚುತ್ತದೆ.

3. ಹಲ್ಲಿನ ಕಲೆಗಳು ಬಾಲ್ಯದಲ್ಲಿಯೇ ರೂಪುಗೊಳ್ಳುವುದರಿಂದ ಸುಮಾರು 8 ವರ್ಷದೊಳಗಿನ ಮಕ್ಕಳಿಗೆ ಸುರಕ್ಷಿತ ನೀರನ್ನು ಒದಗಿಸುವುದು ಅತ್ಯಗತ್ಯ. ಒಮ್ಮೆ ಮೂಡಿದ ಕಲೆಯು ನೀರು ಬದಲಾಯಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ.

4. ಹಲ್ಲಿನ ಕಲೆ ಮತ್ತು ಹಲ್ಲಿನ ಹುಳುಕು ಬೇರೆ ಬೇರೆ. ಹುಳುಕನ್ನು ತಡೆಯಲು ಸಿಹಿ ಪದಾರ್ಥಗಳನ್ನು ಪದೇ ಪದೇ ಸೇವಿಸುವುದನ್ನು ಕಡಿಮೆ ಮಾಡಿ, ದಿನಕ್ಕೆ ಎರಡು ಬಾರಿ ಹಲ್ಲುಜ್ಜಬೇಕು.

5. ಫ್ಲೋರೈಡ್ ಅಧಿಕವಿರುವ ಗ್ರಾಮಗಳ ಚಿಕ್ಕ ಮಕ್ಕಳಿಗೆ ಯಾವ ಟೂತ್‌ಪೇಸ್ಟ್, ಎಷ್ಟು ಪ್ರಮಾಣದಲ್ಲಿ ಬಳಸಬೇಕೆಂಬುದನ್ನು ದಂತವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.

ಹೆಚ್ಚಿನ ಸಲಹೆ ಹಾಗೂ ತಪಾಸಣೆಗಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗವನ್ನು, ನೀರಿನ ಪರೀಕ್ಷೆಯ ಬಗ್ಗೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.