ಆಸ್ಪತ್ರೆಯ ಲೆಕ್ಕ ನೋಡಿದ ವಜೀರ

ನಮ್ಮ ಮನೆಯಲ್ಲಿ ದಾದಿ ಅಂದರೆ ಅಬ್ಬಾ ಅವರ ತಾಯಿ. ಕನ್ನಡದಲ್ಲಿ ದಾದಿ ಅಂದರೆ ನರ್ಸ್. ಐದನೇ ತರಗತಿಯ ಪ್ರಬಂಧದಲ್ಲಿ ನಮ್ಮ ದಾದಿ ಪ್ರತಿ ತಿಂಗಳು ಆಸ್ಪತ್ರೆಗೆ ಹೋಗುತ್ತಾರೆ ಎಂದು ಬರೆದಿದ್ದೆ. ಅವರು ಅಲ್ಲಿ ಕೆಲಸ ಮಾಡುತ್ತಾರಾ ಎಂದು ಮೇಡಂ ಕೇಳಿದ್ದರು. ಇಲ್ಲ, ಬಿಪಿ ಮಾತ್ರೆ ತರಲು ಹೋಗುತ್ತಾರೆ. ಆಗ ನಡೆದೇ ಹೋಗುತ್ತಿದ್ದರು. ಹೊಸ ಬಡಾವಣೆಗೆ ಬಂದ ಮೇಲೆ ಎರಡು ಬಸ್ಸು ಹಿಡಿಯಬೇಕು. ನಮ್ಮ ಬಡಾವಣೆಗೆ ಮನೆಗಳು ಬಂದವು, ಬೇಕರಿ ಬಂತು, ಮೊಬೈಲ್ ಅಂಗಡಿಗಳು ಬಂದವು. ಸರ್ಕಾರಿ ಆರೋಗ್ಯ ಕೇಂದ್ರ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ನಗರದಲ್ಲಿ 50,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬುದು ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಬೀದಿ ಸೇರಿದೆಯೋ ಇಲ್ಲವೋ ಎಂದು ಬಸ್ಸಿನಲ್ಲಿ ನಿಂತುಕೊಂಡಾಗಲೆಲ್ಲ ಯೋಚನೆ ಬರುತ್ತದೆ.

ಸುದ್ದಿಪತ್ರಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆಯಿರಿ ಎಂದು ಸರ್ ಹೇಳಿದಾಗ ಎಲ್ಲರ ಹಾಗೆ ನಾನೂ ಹಕೀಮ್ ಅಲ್ ರಾಝಿ ಅವರ ಹೆಸರು ಕೊಟ್ಟೆ. ನನಗೆ ಉರ್ದು ಮಾತು ಸಲೀಸು, ಓದು ನಿಧಾನ. ಹಾಗಾಗಿ ಅಬ್ಬಾ ಓದಿ ಹೇಳಿದರು, ನಾನು ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡೆ. ಓದುತ್ತಾ ಹೋದಂತೆ ಹಕೀಮರಿಗಿಂತ ಒಬ್ಬ ಲೆಕ್ಕಿಗರು ನನ್ನನ್ನು ಹಿಡಿದು ನಿಲ್ಲಿಸಿದರು. ಅವರು ಅಲಿ ಇಬ್ನ್ ಈಸಾ. ಇತಿಹಾಸಕಾರರು ಅವರನ್ನು ಒಳ್ಳೆಯ ವಜೀರ ಎಂದು ಕರೆಯುತ್ತಾರೆ. ಕಾಮರ್ಸ್ ಓದುವ ನನಗೆ ಇವರೇ ಸರಿ ಅನ್ನಿಸಿತು.

ಮೊದಲು ಅವರ ಊರಿನ ಬಗ್ಗೆ ಹೇಳಬೇಕು. ಖಲೀಫ ಮನ್ಸೂರ್ 762ರಲ್ಲಿ ಟೈಗ್ರಿಸ್ ನದಿಯ ಪಶ್ಚಿಮ ದಡದಲ್ಲಿ ಬಗ್ದಾದ್ ಕಟ್ಟಿಸಿದಾಗ ಅದು ನಾಲ್ಕು ಬಾಗಿಲಿನ ದುಂಡನೆಯ ನಗರ. ಆದರೆ ನಗರ ಗೋಡೆಯೊಳಗೆ ಉಳಿಯಲಿಲ್ಲ. ದಕ್ಷಿಣಕ್ಕೆ ಕರ್ಖ್ ಎಂಬ ಪೇಟೆ ಬೆಳೆಯಿತು, ಉತ್ತರಕ್ಕೆ ಸೈನಿಕರು ನೆಲೆಸಿದ ಹರ್ಬಿಯ್ಯಾ ಬೆಳೆಯಿತು, ನದಿಯ ಆಚೆ ರುಸಾಫಾ ಬೆಳೆಯಿತು. ಈ ದಡದಿಂದ ಆ ದಡಕ್ಕೆ ದೋಣಿಗಳನ್ನು ಜೋಡಿಸಿದ ಸೇತುವೆ ಇತ್ತು. ನಡುವೆ ಖಲೀಫರು ಸಾಮರ್ರಾ ಎಂಬ ಬೇರೆ ರಾಜಧಾನಿಗೆ ಹೋಗಿದ್ದರು. 892ರಲ್ಲಿ ಮರಳಿ ಬಂದಾಗ ಅರಮನೆಗಳು ಪೂರ್ವ ದಡದಲ್ಲಿ ಎದ್ದವು, ಅವುಗಳ ಸುತ್ತ ಮತ್ತೆ ಜನ ಸೇರಿದರು. ಹಾರೂನ್ ರಶೀದ್ ಕಾಲದ ಹಳೆಯ ಆಸ್ಪತ್ರೆ ಇದ್ದದ್ದು ಪಶ್ಚಿಮದಲ್ಲಿ. ಆಸ್ಪತ್ರೆಗೆ ಆಗ ಬೀಮಾರಿಸ್ತಾನ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಜ್ವರ ಬಂದವರನ್ನು ಬೀಮಾರ್ ಅನ್ನುತ್ತೇವಲ್ಲ, ಅದೇ ಮಾತು.

ಅಲಿ ಇಬ್ನ್ ಈಸಾ ಹುಟ್ಟಿದ್ದು 859ರಲ್ಲಿ. ಅವರದು ಬಗ್ದಾದಿನ ದಕ್ಷಿಣಕ್ಕಿದ್ದ ದೈರ್ ಕುನ್ನಾ ಎಂಬ ಊರಿನ ಮನೆತನ, ಹಿಂದೆ ಕ್ರೈಸ್ತರಾಗಿದ್ದವರು. ತಲೆಮಾರುಗಳಿಂದ ಸರ್ಕಾರಿ ದಫ್ತರಿನ ಬರವಣಿಗೆಯ ಕೆಲಸ. 908ರಲ್ಲಿ ಮುಕ್ತದಿರ್ ಎಂಬ 13 ವರ್ಷದ ಹುಡುಗ ಖಲೀಫನಾದಾಗ ಕೆಲವರು ದಂಗೆಯೆದ್ದು ಬೇರೊಬ್ಬರನ್ನು ಗದ್ದುಗೆಗೆ ಕೂರಿಸಿದರು. ಆ ಆಳ್ವಿಕೆ ಒಂದೇ ದಿನ ನಡೆಯಿತು. ದಂಗೆಯಲ್ಲಿ ಅಲಿಯವರ ಚಿಕ್ಕಪ್ಪನ ಪ್ರಾಣ ಹೋಯಿತು. ಅಲಿಯವರು ಜೀವ ಉಳಿಸಿಕೊಂಡರೂ ಗಡಿಪಾರಾಗಿ ಮಕ್ಕಾ ಸೇರಿದರು. ಮಕ್ಕಾದಲ್ಲಿ ನೀರಿನ ಕಷ್ಟ ಕಂಡು ಬಾವಿ ತೋಡಿಸಿದರು, ನೀರು ಹೊರಲು ಒಂಟೆ ಕತ್ತೆಗಳನ್ನು ಕೊಂಡು ವಕ್ಫ್ ಮಾಡಿದರು ಎಂದು ಹೇಳುತ್ತಾರೆ.

913ರಲ್ಲಿ ಅವರನ್ನು ವಾಪಸು ಕರೆಸಿ ವಜೀರರನ್ನಾಗಿ ಮಾಡಿದರು. ಮರುವರ್ಷವೇ, 914ರಲ್ಲಿ, ಅವರು ಹರ್ಬಿಯ್ಯಾದಲ್ಲಿ ಸ್ವಂತ ಹಣದಿಂದ ಒಂದು ಆಸ್ಪತ್ರೆ ತೆರೆದರು. ಅದನ್ನು ನೋಡಿಕೊಳ್ಳಲು ಅಬೂ ಉಸ್ಮಾನ್ ಸಯೀದ್ ಎಂಬ ದಮಾಸ್ಕಸ್ ಮೂಲದ ವೈದ್ಯರನ್ನು ನೇಮಿಸಿದರು. ಬಗ್ದಾದಿನ ಉಳಿದ ಆಸ್ಪತ್ರೆಗಳು, ಮಕ್ಕಾ ಮತ್ತು ಮದೀನಾದ ಆಸ್ಪತ್ರೆಗಳು ಎಲ್ಲವನ್ನೂ ಅವರೊಬ್ಬರ ಕೈಗೇ ಕೊಟ್ಟರು. ಒಂದೊಂದು ಆಸ್ಪತ್ರೆಯನ್ನು ಒಬ್ಬೊಬ್ಬ ದಾನಿ ಕಟ್ಟಿ ಬಿಟ್ಟು ಹೋಗುವುದು ಬೇರೆ, ಇಡೀ ಊರಿನ ಆಸ್ಪತ್ರೆಗಳನ್ನು ಒಂದೇ ಪುಸ್ತಕದಲ್ಲಿ ಬರೆದು ನೋಡುವುದು ಬೇರೆ. ನನಗೆ ಹೊಸದಾಗಿ ಕಂಡದ್ದು ಈ ಎರಡನೆಯದು.

ಅವರ ಮೊದಲ ವಜೀರಗಿರಿ ಮುಗಿದ ಕಥೆ ತಮಾಷೆಯಾಗಿದೆ, ಆದರೆ ಅವರಿಗೆ ತಮಾಷೆಯಾಗಿರಲಿಲ್ಲ. ಖರ್ಚು ಕಡಿಮೆ ಮಾಡುವವರನ್ನು ಯಾವ ಮನೆಯಲ್ಲೂ ಇಷ್ಟಪಡುವುದಿಲ್ಲ, ಅರಮನೆಯಲ್ಲಂತೂ ಕೇಳಲೇಬೇಡಿ. 917ರಲ್ಲಿ ಬಕ್ರೀದ್ ಹತ್ತಿರ ಬಂದಾಗ ಅರಮನೆಯ ಮೇಲ್ವಿಚಾರಕಿ ಉಮ್ಮ್ ಮೂಸಾ ಹಬ್ಬದ ಖರ್ಚಿನ ಮಾತಾಡಲು ಇವರ ಮನೆಗೆ ಬಂದಳು. ವಜೀರರು ಮಲಗಿದ್ದರು. ಎಬ್ಬಿಸಲು ಬಾಗಿಲಿನವನಿಗೆ ಧೈರ್ಯ ಬರಲಿಲ್ಲ. ಆಕೆ ಸಿಟ್ಟಿನಿಂದ ಹೋಗಿ ಖಲೀಫನ ತಾಯಿಯ ಹತ್ತಿರ ದೂರು ಹೇಳಿದಳು. ಅಲಿಯವರು ಕ್ಷಮೆ ಕೇಳಿ ಕಳಿಸಿದರೂ ಆಗಲಿಲ್ಲ. ಕೆಲಸ ಹೋಯಿತು, ಅರಮನೆಯಲ್ಲೇ ಕೈದಿಯಾದರು.

ಮುಂದಿನ ವರ್ಷ ಹಾಮಿದ್ ಎಂಬ ಶ್ರೀಮಂತರು ವಜೀರರಾದರು. ಅವರಿಗೆ ದಫ್ತರಿನ ಲೆಕ್ಕ ಗೊತ್ತಾಗದು. ಕೈದಿಯನ್ನೇ ಬಿಡಿಸಿ ಅವರ ಕೈಕೆಳಗೆ ಕೂರಿಸಿದರು. ಒಬ್ಬರು ವಜೀರರ ಅಂಗಿ ಹಾಕಿಕೊಂಡಿದ್ದಾರೆ, ಇನ್ನೊಬ್ಬರು ವಜೀರರ ಕೆಲಸ ಮಾಡುತ್ತಿದ್ದಾರೆ ಎಂದು ಊರಿನವರು ನಗುತ್ತಿದ್ದರು. ಆಸ್ಪತ್ರೆಗಳ ವಿಷಯದಲ್ಲಿ ಒಳ್ಳೆಯ ದಿನಗಳು ಇವೇ. ಹರ್ರಾನಿನ ಸಾಬಿ ಮನೆತನದ ಸಿನಾನ್ ಇಬ್ನ್ ಸಾಬಿತ್ ಈಗ ಆಸ್ಪತ್ರೆಗಳ ಮುಖ್ಯಸ್ಥರು. ಆಗ ಅವರಿನ್ನೂ ಮುಸ್ಲಿಮರಾಗಿರಲಿಲ್ಲ, ಅದು ಯಾರಿಗೂ ಅಡ್ಡ ಬರಲಿಲ್ಲ. 918ರಲ್ಲಿ ಎರಡು ಆಸ್ಪತ್ರೆಗಳು ಒಟ್ಟಿಗೆ ಬಂದವು. ಖಲೀಫನ ತಾಯಿಯ ಹೆಸರಿನದು ಸೂಕ್ ಯಹ್ಯಾ ಎಂಬಲ್ಲಿ, ನದಿಯ ದಡದಲ್ಲಿ, ತಿಂಗಳ ಖರ್ಚು 600 ದೀನಾರ್. ಖಲೀಫನ ಹೆಸರಿನದು ಬಾಬ್ ಅಲ್ ಶಾಮ್ ಎಂಬಲ್ಲಿ, ಅಂದರೆ ಹಳೆಯ ದುಂಡು ನಗರದ ಒಂದು ಬಾಗಿಲಿನ ಕಡೆ, ತಿಂಗಳಿಗೆ 200 ದೀನಾರ್. ಅಲಿಯವರ ಪರಮ ವೈರಿ ಇಬ್ನ್ ಅಲ್ ಫುರಾತ್ ಕೂಡ ದರ್ಬ್ ಅಲ್ ಮುಫದ್ದಲ್ ಎಂಬಲ್ಲಿ ಒಂದು ಆಸ್ಪತ್ರೆ ಮಾಡಿಸಿದರು. ಅದಕ್ಕೂ ತಿಂಗಳಿಗೆ 200. ಇಂಥ ವೈರ ಎಲ್ಲ ಊರಿಗೂ ಸಿಗಲಿ! ಈ ಅಂಕಿಗಳೆಲ್ಲ ತಿಂಗಳ ಲೆಕ್ಕದಲ್ಲಿ ಇರುವುದನ್ನು ಗಮನಿಸಿ. ಕಟ್ಟಡ ಒಂದು ಸಲದ ಬಂಡವಾಳ ವೆಚ್ಚ. ಔಷಧಿ, ಊಟ, ಸಂಬಳ ಪ್ರತಿ ತಿಂಗಳು ಬರುವ ವೆಚ್ಚ. ಉದ್ಘಾಟನೆಯ ಫೋಟೋದಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ.

ಅದೇ ಸಮಯದಲ್ಲಿ ಒಂದು ವರ್ಷ ಕಾಯಿಲೆಗಳು ಹೆಚ್ಚಾದವು. ಅಲಿಯವರು ಸಿನಾನ್ ಅವರಿಗೆ ಪತ್ರ ಬರೆದರು. ಜೈಲುಗಳಲ್ಲಿ ಜನ ಜಾಸ್ತಿ, ಜಾಗ ಕೆಟ್ಟದ್ದು, ಅವರು ಕಾಯಿಲೆ ಬೀಳದೆ ಇರುವುದಿಲ್ಲ. ಅವರಾಗಿ ವೈದ್ಯರ ಹತ್ತಿರ ಹೋಗಲಾರರು. ಆದ್ದರಿಂದ ದಿನವೂ ವೈದ್ಯರು ಔಷಧಿ ಶರಬತ್ತು ತೆಗೆದುಕೊಂಡು ಎಲ್ಲ ಜೈಲುಗಳಿಗೂ ಹೋಗಬೇಕು ಎಂದು ಅದರ ಸಾರ. ಬರೆದವರು ಸ್ವಲ್ಪ ಕಾಲದ ಹಿಂದೆ ತಾವೇ ಬಂಧನದಲ್ಲಿದ್ದವರು. ಎರಡನೇ ಪತ್ರದಲ್ಲಿ ಸವಾದ್ ಎಂಬ ಹಳ್ಳಿ ಸೀಮೆಯ ಮಾತು. ಅಲ್ಲಿ ರೋಗಿಗಳಿದ್ದಾರೆ, ವೈದ್ಯರಿಲ್ಲ. ಔಷಧಿ ಪೆಟ್ಟಿಗೆ ಸಮೇತ ವೈದ್ಯರನ್ನು ಕಳಿಸಿ, ಒಂದೊಂದು ಊರಿನಲ್ಲಿ ಬೇಕಾದಷ್ಟು ದಿನ ನಿಂತು ಮುಂದೆ ಹೋಗಲಿ ಎಂದರು.

ವೈದ್ಯರು ಸೂರಾ ಎಂಬ ಊರು ತಲುಪಿದಾಗ ಅಲ್ಲಿ ಹೆಚ್ಚಿನವರು ಯಹೂದಿಗಳು. ನಿಲ್ಲಬೇಕೋ ಮುಂದೆ ಹೋಗಬೇಕೋ ಎಂದು ಸಿನಾನ್ ಕೇಳಿದರು. ನಗರದ ಆಸ್ಪತ್ರೆಯಲ್ಲಿ ಎಲ್ಲ ಧರ್ಮದವರನ್ನೂ ನೋಡುತ್ತೇವೆ ಎಂದೂ ತಿಳಿಸಿದರು. ಅವರಿಗೂ ಚಿಕಿತ್ಸೆ ಕೊಡಬೇಕು, ಪ್ರಾಣಿಗಳಿಗೂ ಕೊಡಬೇಕು ಎಂದು ಅಲಿಯವರ ಉತ್ತರ ಬಂತು. ಆದರೆ ಮೊದಲ ಸರದಿ ಮುಸ್ಲಿಮರದು ಎಂದೂ ಅದರಲ್ಲಿತ್ತು. ಇದನ್ನು ಬಿಟ್ಟು ಬರೆಯಬಹುದಿತ್ತು, ಬಿಡಲು ಮನಸ್ಸಾಗಲಿಲ್ಲ. ನಮ್ಮ ದಾದಿ ನಿಲ್ಲುವ ಸಾಲಿನಲ್ಲಿ ಟೋಕನ್ ನಂಬರಿನ ಪ್ರಕಾರ ಕರೆಯುತ್ತಾರೆ. ಅದೇ ಸರಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದ್ದಿಲಿನ ಪ್ರಸಂಗ. ಪೂರ್ವ ದಡದ ಮುಖರ್ರಿಮ್ ಎಂಬಲ್ಲಿ ಇನ್ನೊಂದು ಆಸ್ಪತ್ರೆ ಇತ್ತು. ಅದರ ಖರ್ಚು ನಡೆಯುತ್ತಿದ್ದದ್ದು ಹಿಂದಿನ ಒಬ್ಬ ಖಲೀಫರ ತಾಯಿ ಬಿಟ್ಟುಹೋದ ವಕ್ಫ್ ಆಸ್ತಿಯ ಆದಾಯದಿಂದ. ಆದಾಯದಲ್ಲಿ ಎರಡು ಪಾಲು, ಒಂದು ಹಾಶಿಮ್ ವಂಶದ ಗೌರವಸ್ಥರಿಗೆ, ಒಂದು ಆಸ್ಪತ್ರೆಗೆ. ವಕ್ಫ್ ನೋಡಿಕೊಳ್ಳುವ ಅಧಿಕಾರಿ ದೊಡ್ಡವರ ಪಾಲನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು, ಆಸ್ಪತ್ರೆಯ ಪಾಲನ್ನು ತಡಮಾಡುತ್ತಿದ್ದರು, ಕಡಿಮೆಯೂ ಮಾಡುತ್ತಿದ್ದರು. ಚಳಿಗಾಲ ಬಂತು. ರೋಗಿಗಳಿಗೆ ಹೊದಿಕೆ ಇಲ್ಲ, ಕಾಯಿಸಿಕೊಳ್ಳಲು ಇದ್ದಿಲಿಲ್ಲ, ಆಹಾರವೂ ಸಾಲದು. ಸಿನಾನ್ ದೂರು ಬರೆದರು. ಅಲಿಯವರು ಆ ದೂರಿನ ಹಿಂದೆಯೇ ಬರೆದು ಅಧಿಕಾರಿಗೆ ಕಳಿಸಿದರು. ಹಣ ಯಾಕೆ ಕಡಿಮೆಯಾಯಿತು, ಯಾಕೆ ತಡವಾಯಿತು, ಅದೂ ಇಂಥ ಚಳಿಯಲ್ಲಿ, ಲೆಕ್ಕ ಕೊಡಿ. ರೋಗಿಗಳು ಬೆಚ್ಚಗಿರುವಂತೆ ಹೊದಿಕೆ, ಬಟ್ಟೆ, ಇದ್ದಿಲು, ಊಟ ಎಲ್ಲವೂ ಸಿಗಬೇಕು ಎಂಬುದು ಅದರ ಅರ್ಥ. ಅಕೌಂಟೆನ್ಸಿ ಪುಸ್ತಕದಲ್ಲಿ ಎರಡೂ ಪಾಲು ಒಂದೇ ಪುಟದಲ್ಲಿ ಸಮವಾಗಿ ಕೂರುತ್ತವೆ. ಯಾವುದನ್ನು ಮೊದಲು ಪಾವತಿ ಮಾಡುತ್ತಾರೆ ಎಂಬುದು ಪುಟದಲ್ಲಿ ಕಾಣುವುದಿಲ್ಲ.

ಅಲಿಯವರ ಹೆಸರು ಬಜೆಟ್ಟಿನಿಂದಲೂ ಉಳಿದಿದೆ. 918ರ ಸುಮಾರಿಗೆ ಅವರು ಇಡೀ ಸಾಮ್ರಾಜ್ಯದ ಆದಾಯ ವೆಚ್ಚದ ಪಟ್ಟಿ ಮಾಡಿದರು. ಆದಾಯ ಸುಮಾರು 1.45 ಕೋಟಿ ದೀನಾರ್, ವೆಚ್ಚ ಅದಕ್ಕಿಂತ ಹೆಚ್ಚು. ಕೊರತೆ ತುಂಬಲು ಅರಮನೆಯ ಖರ್ಚು ಮತ್ತು ಸೈನಿಕರ ಸಂಬಳಕ್ಕೆ ಕತ್ತರಿ ಹಾಕಿದರು. ಎರಡೂ ಕಡೆಯವರು ಸಿಟ್ಟಾದರು. 923ರಲ್ಲಿ ವೈರಿ ಮತ್ತೆ ವಜೀರರಾದಾಗ ಅಲಿಯವರನ್ನು ಮಕ್ಕಾಕ್ಕೆ, ಅಲ್ಲಿಂದ ಯಮನ್ ದೇಶದ ಸನಾಕ್ಕೆ ಕಳಿಸಿದರು. 927ರಲ್ಲಿ ಎರಡನೇ ಸಲ ವಜೀರರಾಗಿ ಮರುವರ್ಷವೇ ಇಳಿದರು.

ಸಿನಾನ್ ತಮ್ಮ ಕೆಲಸ ಮುಂದುವರಿಸಿದರು. 931ರಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿ ಸತ್ತಾಗ, ಪರೀಕ್ಷೆ ಪಾಸಾಗದೆ ಯಾರೂ ಚಿಕಿತ್ಸೆ ಕೊಡಬಾರದು ಎಂದು ಖಲೀಫರ ಆಜ್ಞೆಯಾಯಿತು. ನದಿಯ ಎರಡೂ ದಡ ಸೇರಿ 860ಕ್ಕೂ ಹೆಚ್ಚು ಮಂದಿ ಸಿನಾನ್ ಎದುರು ಪರೀಕ್ಷೆಗೆ ಬಂದರು. ಊರಿನಲ್ಲಿ ಎಷ್ಟು ವೈದ್ಯರಿದ್ದಾರೆ ಎಂಬ ಲೆಕ್ಕವೂ ಅದರಿಂದ ಸಿಕ್ಕಿತು.

ಅಲಿ ಇಬ್ನ್ ಈಸಾ 946ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬುವೈಹಿ ದೊರೆಗಳು ನಗರಕ್ಕೆ ಬಂದಿದ್ದರು, ಖಲೀಫರ ಕೈಯಲ್ಲಿ ಅಧಿಕಾರ ಉಳಿದಿರಲಿಲ್ಲ. 36 ವರ್ಷಗಳ ನಂತರ, 982ರಲ್ಲಿ, ಆ ವಂಶದ ಅದುದ್ ಅಲ್ ದೌಲಾ ಪಶ್ಚಿಮ ದಡದಲ್ಲಿ 24 ವೈದ್ಯರ ದೊಡ್ಡ ಆಸ್ಪತ್ರೆ ತೆರೆದರು. ಅಲ್ ರಾಝಿ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡು ತೂಗುಹಾಕಿ, ತಡವಾಗಿ ಕೆಟ್ಟ ಜಾಗವನ್ನು ಆಸ್ಪತ್ರೆಗೆ ಆರಿಸಿದರು ಎಂಬ ಕಥೆಯನ್ನು ಈ ಆಸ್ಪತ್ರೆಗೇ ಅಂಟಿಸುತ್ತಾರೆ. ಆದರೆ ಅಲ್ ರಾಝಿ 925ರ ಸುಮಾರಿಗೆ ತೀರಿಕೊಂಡಿದ್ದರು. ಕಳೆದ ವರ್ಷ ಈ ಕಥೆಯನ್ನು ಭಾಷಣದಲ್ಲಿ ಹೇಳಿ ಬಹುಮಾನ ಪಡೆದ ನನ್ನ ಗೆಳೆಯರು ಕ್ಷಮಿಸಬೇಕು.

ಅಬ್ಬಾ ಓದುವಾಗ ದಾದಿಯೂ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ವಜೀರಗಿರಿ, ಗಡಿಪಾರು, ಬಜೆಟ್ ಯಾವುದಕ್ಕೂ ಅವರು ಮಾತಾಡಲಿಲ್ಲ. ಕೊನೆಗೆ, ಆ ಇದ್ದಿಲು ಬಂತಾ ಎಂದು ಕೇಳಿದರು. ನಾವು ಓದಿದ್ದರಲ್ಲಿ ಪತ್ರ ಮಾತ್ರ ಇತ್ತು. ಅಬ್ಬಾ ಆ ಪುಟವನ್ನು ಮತ್ತೊಮ್ಮೆ ಓದಿದರು.