ತಲೆಲೆಕ್ಕ ಕೇಳಿದ ಅನಿಲ್ ಅಗರವಾಲ್

ನಮ್ಮ ದೇಶದ ಪರಿಸರ ಚಿಂತಕರಲ್ಲಿ ಅನಿಲ್ ಅಗರವಾಲರದು ದೊಡ್ಡ ಹೆಸರು. ಅವರು 1947ರಲ್ಲಿ ಕಾನ್ಪುರದಲ್ಲಿ ಜನಿಸಿದರು. ಅಲ್ಲಿಯ ಐ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಓದಿದರೂ ಕಾರ್ಖಾನೆಯ ನೌಕರಿ ಹಿಡಿಯದೆ ಪತ್ರಕರ್ತರಾದರು. 1980ರಲ್ಲಿ ದೆಹಲಿಯಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರವನ್ನು ಸ್ಥಾಪಿಸಿದರು. ದೇಶದ ಪರಿಸರ ಸ್ಥಿತಿಯನ್ನು ಕುರಿತು ಆ ಕೇಂದ್ರ 1982ರಲ್ಲಿ ಹೊರತಂದ ಮೊದಲ ವರದಿಯನ್ನು ಡಾ. ಶಿವರಾಮ ಕಾರಂತರು ಕನ್ನಡಕ್ಕೆ ತಂದರು.

ಕಲ್ಲಿದ್ದಲು, ಪೆಟ್ರೋಲು ಉರಿದಾಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿ ಭೂಮಿಯ ಶಾಖವನ್ನು ಹೆಚ್ಚಿಸುತ್ತದೆ. 1990ರಲ್ಲಿ ಅಮೆರಿಕದ ಒಂದು ಸಂಸ್ಥೆಯು ಇಂತಹ ಅನಿಲಗಳನ್ನು ಹೆಚ್ಚಾಗಿ ಬಿಡುವ ದೇಶಗಳ ಪಟ್ಟಿ ಮಾಡಿ, ಭಾರತವನ್ನು ಮೊದಲ ಐದರಲ್ಲಿ ಸೇರಿಸಿತು. ಅಗರವಾಲರು ಇದನ್ನು ಒಪ್ಪಲಿಲ್ಲ. 1991ರಲ್ಲಿ ಸುನೀತಾ ನಾರಾಯಣ್ ಅವರೊಡನೆ ಪುಸ್ತಕ ಬರೆದು, ಗಾಳಿ ಮತ್ತು ಕಡಲು ಎಲ್ಲ ಮನುಷ್ಯರ ಸಮಾನ ಆಸ್ತಿ, ಆದ್ದರಿಂದ ಲೆಕ್ಕವನ್ನು ತಲೆಗೆ ಇಷ್ಟೆಂದು ಹಾಕಬೇಕು ಎಂದು ವಾದಿಸಿದರು. ಹೊಟ್ಟೆಪಾಡಿನ ಭತ್ತದ ಗದ್ದೆಯ ಅನಿಲವೂ ಸುಖಕ್ಕಾಗಿ ಓಡುವ ಕಾರಿನ ಹೊಗೆಯೂ ಒಂದೇ ಅಲ್ಲವೆಂದು ತೋರಿಸಿದರು.

ವಿದ್ಯಾರ್ಥಿಗಳೇ, ಹತ್ತು ಜನರ ಮನೆಯಲ್ಲಿ 30 ರೊಟ್ಟಿ, ಇಬ್ಬರ ಮನೆಯಲ್ಲಿ 16 ರೊಟ್ಟಿ ಖರ್ಚಾದರೆ ಹೆಚ್ಚು ಉಂಡವರು ಯಾರು? ಮೊದಲ ಮನೆಯಲ್ಲಿ ತಲೆಗೆ ಮೂರು, ಎರಡನೆಯದರಲ್ಲಿ ಎಂಟು. ದೇಶಗಳ ಲೆಕ್ಕವೂ ಹಾಗೆಯೇ. ಇಂದು ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಚೀನಾ, ಅಮೆರಿಕಗಳ ನಂತರ ಭಾರತ ಮೂರನೆಯದು. ಆದರೆ ವರ್ಷಕ್ಕೆ ತಲಾ ಲೆಕ್ಕ ನೋಡಿದರೆ ಅಮೆರಿಕದವರದು ಸುಮಾರು 14 ಟನ್, ಚೀನಾದವರದು ಸುಮಾರು 8 ಟನ್, ನಮ್ಮದು ಸುಮಾರು 2 ಟನ್ ಮಾತ್ರ.

ನಮ್ಮ ತಾಂಡೂರಿನ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನೇ ನೋಡಿರಿ. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕುಲುಮೆಯ ಕಲ್ಲಿದ್ದಲಿನ ಹೊಗೆ ಬೇರೆ. ಹೊಗೆ ಏಳುವುದು ಇಲ್ಲಿ, ಸಿಮೆಂಟಿನಿಂದ ಮನೆ ಏಳುವುದು ದೂರದ ನಗರಗಳಲ್ಲಿ. ಆದುದರಿಂದ ಹೊಗೆ ಎಲ್ಲಿ ಎದ್ದಿತು ಎಂಬುದರ ಜೊತೆಗೆ ಯಾರಿಗಾಗಿ ಎದ್ದಿತು ಎಂದೂ ಕೇಳಬೇಕಾಗುತ್ತದೆ. ಮಳೆ ತಪ್ಪಿದರೆ ಮೊದಲು ಕಷ್ಟಪಡುವವರು ಜಹೀರಾಬಾದ್, ನಾರಾಯಣಖೇಡಗಳ ಒಣಬೇಸಾಯದ ರೈತರು. ಅವರು ಸುಟ್ಟ ಇಂಧನವಾದರೋ ಬಹಳ ಕಡಿಮೆ.

1992ರಲ್ಲಿ ರಿಯೊ ಸಮ್ಮೇಳನದಲ್ಲಿ ಸಹಿಯಾದ ಒಪ್ಪಂದವು, ಹೊಣೆ ಎಲ್ಲರದಾದರೂ ಎಲ್ಲರಿಗೂ ಒಂದೇ ಸಮನಲ್ಲ ಎಂದು ಒಪ್ಪಿತು. ಆದರೆ ತಲೆಗೆ ಸಮಪಾಲು ಎಂಬ ಅಗರವಾಲರ ಬೇಡಿಕೆ ಈಡೇರಲಿಲ್ಲ. ಕ್ಯಾನ್ಸರ್ ಪೀಡಿತರಾದರೂ ಅವರು ಲೇಖನಿ ಕೆಳಗಿಡಲಿಲ್ಲ. 2000ದಲ್ಲಿ ಪದ್ಮಭೂಷಣ ಪಡೆದು, 2002ರ ಜನವರಿ 2ರಂದು ತೀರಿಕೊಂಡರು.

ಯಾವ ಪಟ್ಟಿಯನ್ನು ನೋಡಿದರೂ ಅದನ್ನು ಎಷ್ಟು ಜನರಿಂದ ಭಾಗಿಸಿದ್ದಾರೆಂದು ಕೇಳುವುದನ್ನು ಅವರಿಂದ ನಾವು ಕಲಿಯೋಣ.