ನಕ್ಷತ್ರದ ಬೆಳಕನ್ನು ಓದಿದ ಮೇಘನಾದ ಸಹಾ

ಮಕ್ಕಳೇ, ಗ್ಯಾಸ್ ಒಲೆಯ ನೀಲಿ ಉರಿಗೆ ಉಪ್ಪು ಬಿದ್ದಾಗ ಹಳದಿ ಬೆಳಕು ಮಿಂಚುವುದನ್ನು ನೋಡಿದ್ದೀರಾ? ಅದು ಉಪ್ಪಿನಲ್ಲಿರುವ ಸೋಡಿಯಂ ಗುರುತು. ಬಿಸಿ ಅನಿಲದಲ್ಲಿ ಪ್ರತಿ ಧಾತುವಿಗೂ ತನ್ನದೇ ಬೆಳಕಿನ ಗುರುತಿದೆ.

ಮೇಘನಾದ ಸಹಾ ಹುಟ್ಟಿದ್ದು 1893ರಲ್ಲಿ, ಈಗಿನ ಬಾಂಗ್ಲಾದೇಶದ ಢಾಕಾ ಬಳಿಯ ಒಂದು ಹಳ್ಳಿಯಲ್ಲಿ. ತಂದೆಗೆ ಸಣ್ಣ ಕಿರಾಣಿ ಅಂಗಡಿ. ಮಗನೂ ಅಲ್ಲೇ ಕೂರಲಿ ಎಂಬ ಆಸೆ. ವೈದ್ಯರೊಬ್ಬರು ಊಟ, ವಸತಿ ಕೊಟ್ಟಿದ್ದರಿಂದ ಓದು ಮುಂದುವರಿಯಿತು. ಬಂಗಾಳದ ವಿಭಜನೆಯ ಕಾಲದಲ್ಲಿ ಗವರ್ನರ್ ಭೇಟಿಯನ್ನು ವಿರೋಧಿಸಿದ್ದಕ್ಕೆ ಅವರನ್ನು ಶಾಲೆಯಿಂದ ಹೊರಹಾಕಿದರು, ವಿದ್ಯಾರ್ಥಿವೇತನವೂ ಹೋಯಿತು. ಅವರು ಬೇರೆ ಶಾಲೆ ಸೇರಿ ಓದಿದರು.

ಕೆಲವು ನಕ್ಷತ್ರಗಳ ಬೆಳಕಿನಲ್ಲಿ ಕೆಲವು ಧಾತುಗಳ ಗುರುತೇ ಕಾಣುತ್ತಿರಲಿಲ್ಲ. ಏಕೆ? 1920ರಲ್ಲಿ ಸಹಾ ಉತ್ತರ ಕೊಟ್ಟರು. ಧಾತು ಅಲ್ಲಿ ಇದ್ದೇ ಇರುತ್ತದೆ. ಆದರೆ ತೀವ್ರ ಶಾಖದಲ್ಲಿ ಅದರ ಪರಮಾಣುಗಳು ಇಲೆಕ್ಟ್ರಾನು ಕಳೆದುಕೊಳ್ಳುತ್ತವೆ, ಗುರುತು ಬದಲಾಗುತ್ತದೆ. ಹೀಗಾದ ಅನಿಲವೇ ಪ್ಲಾಸ್ಮಾ. ಎಷ್ಟು ಶಾಖಕ್ಕೆ ಎಷ್ಟು ಪರಮಾಣುಗಳು ಹೀಗಾಗುತ್ತವೆ ಎಂಬ ಲೆಕ್ಕವೇ ಸಹಾ ಸಮೀಕರಣ.

ಸಹಾ 1956ರಲ್ಲಿ ತೀರಿಕೊಂಡರು. ಇಂದು ಪ್ರಯೋಗಾಲಯಗಳಲ್ಲಿ ಆರ್ಗಾನ್ ಅನಿಲದಿಂದ 6000 ಡಿಗ್ರಿಗೂ ಹೆಚ್ಚು ಬಿಸಿಯ ಪ್ಲಾಸ್ಮಾ ಮಾಡುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಅದರೊಳಗೆ ಸಿಂಪಡಿಸಿದರೆ, ಪುಡಿಯಲ್ಲಿ ವಿಷಕಾರಿ ಸೀಸವಿದೆಯೇ ಎಂದು ಬೆಳಕೇ ಹೇಳುತ್ತದೆ. ಆ ಪ್ಲಾಸ್ಮಾವನ್ನು ಅರಿಯಲೂ ಕಿರಾಣಿ ಅಂಗಡಿಯ ಹುಡುಗನ ಲೆಕ್ಕವೇ ಬೇಕು.